ಗುಲಾಬಿ ನೀರಾಗುವ ಊರು

ಆಗ್ರಾಕ್ಕೆ ಹೋದವರೆಲ್ಲ ತಾಜ್‌ಮಹಲ್ ನೋಡಿ ಬರುತ್ತಾರೆ. ಯಮುನೆಯ ಆಚೆ ದಂಡೆಗೆ ದಾಟಿ ಇತಿಮಾದುದ್ದೌಲಾನ ಗೋರಿಯ ತನಕ ಹೋಗುವವರು ಕಡಿಮೆ. ಅತ್ತರಿನ ಊರಾದ ಕನೌಜಿಗೆ ಹೊರಟಿದ್ದ ನಾನು ಮೊದಲು ಹೋದದ್ದು ಅಲ್ಲಿಗೇ. ಜಹಾಂಗೀರನ ವಜೀರನಾಗಿದ್ದ ಇತಿಮಾದುದ್ದೌಲಾನಿಗಾಗಿ ಅಲ್ಲ, ಅವನ ಪಕ್ಕದಲ್ಲೇ ಮಲಗಿರುವ ಹೆಂಡತಿ ಅಸ್ಮತ್ ಬೇಗಂಗಾಗಿ. ಆಕೆ ಜಹಾಂಗೀರನ ರಾಣಿ ನೂರ್‌ಜಹಾನಳ ತಾಯಿ. ಗುಲಾಬಿಯ ಎಣ್ಣೆಯನ್ನು ಕಂಡುಹಿಡಿದವಳು ಆಕೆಯೆಂದು ಸ್ವತಃ ಜಹಾಂಗೀರನೇ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ.

ಅವನು ಪಟ್ಟಕ್ಕೆ ಬಂದ ಒಂಬತ್ತನೆಯ ವರ್ಷದ, ಅಂದರೆ 1614ರ ಬರವಣಿಗೆಯಲ್ಲಿ ಈ ಮಾತಿದೆ. ಅಸ್ಮತ್ ಬೇಗಂ ಪನ್ನೀರು ತಯಾರಿಸುತ್ತಿದ್ದಾಗ, ಬಿಸಿ ಪನ್ನೀರನ್ನು ಹೂಜಿಗಳಿಂದ ತಟ್ಟೆಗಳಿಗೆ ಸುರಿದ ಕಡೆಯಲ್ಲೆಲ್ಲ ಮೇಲೆ ತೆಳುವಾದ ಕೆನೆ ಕಟ್ಟುತ್ತಿತ್ತು. ಆಕೆ ಅದನ್ನು ಚೂರುಚೂರೇ ಎತ್ತಿ ಕೂಡಿಟ್ಟಳು. ಅದರ ಒಂದು ಹನಿಯನ್ನು ಅಂಗೈಗೆ ಹಚ್ಚಿಕೊಂಡರೆ ಸಭೆಯಿಡೀ ಗುಲಾಬಿ ಅರಳಿತೆಂದು ಭಾಸವಾಗುತ್ತಿತ್ತಂತೆ. ಬಾದಶಹ ಆಕೆಗೆ ಮುತ್ತಿನ ಸರ ಕೊಟ್ಟ. ಅಲ್ಲೇ ಇದ್ದ ಹಿರಿಯಳು ಸಲೀಮಾ ಸುಲ್ತಾನ್ ಬೇಗಂ ಅದಕ್ಕೆ ಇತ್ರ್-ಇ-ಜಹಾಂಗೀರಿ ಎಂದು ಹೆಸರಿಟ್ಟಳು. ಪಶ್ಚಿಮ ಏಷ್ಯಾದಲ್ಲಿ ಹೂವನ್ನು ಬಟ್ಟಿ ಇಳಿಸುವ ವಿದ್ಯೆ ಅದಕ್ಕಿಂತ ಶತಮಾನಗಳಷ್ಟು ಹಳೆಯದು. ಆದರೂ ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ ಕೆನೆ. ಎಷ್ಟು ಜನರ ಕಣ್ಣೆದುರು ಅದು ಕಟ್ಟಿತ್ತೋ, ಎಷ್ಟು ಜನ ಅದನ್ನು ಚೆಲ್ಲಿದ್ದರೋ! ಒಬ್ಬ ಹೆಂಗಸು ಬಗ್ಗಿ ನೋಡಿದಳು, ಮೂಸಿದಳು, ಉಳಿಸಿದಳು.

1622ರಿಂದ 1628ರವರೆಗೆ ಮಗಳು ಕಟ್ಟಿಸಿದ ಈ ಗೋರಿಯ ಬಿಳಿ ಅಮೃತಶಿಲೆಯ ಗೋಡೆಗಳಲ್ಲಿ ಬಣ್ಣದ ಕಲ್ಲುಗಳನ್ನು ಕೂರಿಸಿ ಸೈಪ್ರೆಸ್ ಮರ, ಹಣ್ಣಿನ ತಟ್ಟೆ, ಹೂದಾನಿ, ಉದ್ದ ಕತ್ತಿನ ಹೂಜಿಗಳನ್ನು ಬಿಡಿಸಿದ್ದಾರೆ. ಸಪೂರ ಕತ್ತಿನ ಒಂದು ಪಾತ್ರೆಯ ಮುಂದೆ ನಾನು ಬಹಳ ಹೊತ್ತು ನಿಂತೆ. ವಿದ್ವಾಂಸರು ಏನೆನ್ನುತ್ತಾರೋ, ನನ್ನ ಕಣ್ಣಿಗೆ ಅದು ಪನ್ನೀರುದಾನಿ. ಆ ತಾಯಿಯ ಗೋರಿಗೆ ಇನ್ನೇನು ಬಿಡಿಸಬೇಕು?

ಆಗ್ರಾದಿಂದ ಕನೌಜಿಗೆ ಈಗ ಎಕ್ಸ್‌ಪ್ರೆಸ್‌ವೇ ಇದೆ. ನಾನು ಅದನ್ನು ಬಿಟ್ಟು ಹಾಥರಸ್ ಜಿಲ್ಲೆಯ ಹಸಾಯನ್ ಕಡೆಗೆ ತಿರುಗಿದೆ. ಅಲ್ಲಿ ಗುಲಾಬಿ ಎಂದರೆ ಜೋಳ, ಗೋಧಿಗಳ ಜೊತೆಗಿನ ಒಂದು ಬೆಳೆ. ಚೈತ್ರದ ಸುಮಾರಿಗೆ ಅರಳುವ ಇದನ್ನು ಚೈತಿ ಗುಲಾಬ್ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದು ರೋಸಾ ಡಮಾಸೆನಾ, ಡಮಾಸ್ಕಸ್ ಗುಲಾಬಿ. ವರ್ಷಕ್ಕೊಂದೇ ಬಾರಿ, ಕೆಲವೇ ವಾರ ಅದರ ಸುಗ್ಗಿ. ಹೂವಿನಂಗಡಿಯ ಗುಲಾಬಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಗಿಡ ನೋಡಿ ನಿರಾಶೆಯಾಗಬಹುದು. ಸೊಂಟದೆತ್ತರದ ಮುಳ್ಳುಪೊದೆ, ಅಂಗೈಯೊಳಗೆ ಮುಚ್ಚಿಹೋಗುವಷ್ಟು ಸಣ್ಣ ಹೂವು, ತೆಳು ಗುಲಾಬಿ ಬಣ್ಣ, ಮಡಿಕೆ ಮಡಿಕೆಯಾಗಿ ಒತ್ತಿಕೊಂಡ ದಳಗಳು. ಹೂದಾನಿಯಲ್ಲಿಟ್ಟರೆ ಸಂಜೆಯೊಳಗೆ ಉದುರಿಹೋಗುತ್ತದೆ.

ಸೂರ್ಯ ಹುಟ್ಟುವ ಮುಂಚೆ ಆ ಹೊಲದ ಬದುವಿನ ಮೇಲೆ ನಿಂತದ್ದನ್ನು ಹೇಗೆ ಹೇಳಲಿ? ಕತ್ತಲು ಇನ್ನೂ ಪೂರ್ತಿ ಹರಿದಿರಲಿಲ್ಲ, ಹೂವು ಕಣ್ಣಿಗೆ ಬಿದ್ದಿರಲಿಲ್ಲ, ಪರಿಮಳ ಆಗಲೇ ಬಂದಿತ್ತು. ತಂಪಾದ, ಜೇನಿನ ಅಂಶವಿರುವ, ಎಲ್ಲೋ ಆಳದಲ್ಲಿ ನಿಂಬೆ ಸಿಪ್ಪೆಯ ಚುರುಕಿರುವ ವಾಸನೆ. ಹೆಂಗಸರು, ಗಂಡಸರು, ಮುದುಕರು ಸೆರಗಿಗೆ, ಪಂಚೆಗೆ ಜೋಳಿಗೆ ಕಟ್ಟಿಕೊಂಡು ಸಾಲುಸಾಲಾಗಿ ಬಿಡಿಸುತ್ತಿದ್ದರು. ಹೆಬ್ಬೆರಳು, ತೋರುಬೆರಳಿನ ನಡುವೆ ಹೂವಿನ ಬುಡ ಹಿಡಿದು ಚಟ್ಟನೆ ಮುರಿಯುವ ಆ ಕೈಚಳಕದಲ್ಲಿ ಮುಳ್ಳು ತಾಗುವುದಿಲ್ಲ. ಅರೆಬಿರಿದ ಹೂವೇ ಬೇಕು, ಅದೂ ಬಿಸಿಲೇರುವ ಮುಂಚೆಯೇ. ಬಿಸಿಲು ಬಿದ್ದರೆ ಪರಿಮಳ ಗಾಳಿಯ ಪಾಲು. ಹೀಗಾಗಿ ಅತ್ತರಿನವರು ಹೂವಿಗೆ ಕೊಡುವ ಬೆಲೆಯಲ್ಲಿ ಬೆಳಗಿನ ನಿದ್ದೆಯ ಬೆಲೆಯೂ ಸೇರಿದೆ, ಅದು ಸಾಕಷ್ಟು ಸೇರಿದೆಯೇ ಎಂಬ ಅನುಮಾನ ನನಗಂತೂ ಉಂಟು. ಮೂರು-ನಾಲ್ಕು ಸಾವಿರ ಕಿಲೋ ಹೂವಿಗೆ ಸಿಗುವುದು ಒಂದು ಕಿಲೋ ಶುದ್ಧ ಎಣ್ಣೆ. ಒಬ್ಬೊಬ್ಬರ ಜೋಳಿಗೆ ತೂಗಿದಾಗ ತಕ್ಕಡಿಯ ಮುಳ್ಳು ಎಷ್ಟು ಕಡಿಮೆ ಅಲುಗುತ್ತದೆ ಎಂದು ನೋಡಿದ ಮೇಲೆ ಆ ಲೆಕ್ಕದ ಭಾರ ತಿಳಿಯಿತು.

ಈ ಗಿಡದ ವಂಶಾವಳಿ ಬಹುಕಾಲ ಒಗಟಾಗಿಯೇ ಇತ್ತು. 2000ದಲ್ಲಿ ಜಪಾನಿನ ವಿಜ್ಞಾನಿಗಳು ಡಿಎನ್ಎ ಬಿಡಿಸಿ ನೋಡಿದಾಗ ಅದರಲ್ಲಿ ಮೂರು ಗುಲಾಬಿಗಳ ರಕ್ತ ಕಂಡಿತು: ಗ್ಯಾಲಿಕಾ, ಕಸ್ತೂರಿ ಗುಲಾಬಿ ಎನಿಸಿದ ಮೋಸ್ಕಾಟಾ, ಮತ್ತು ಮಧ್ಯ ಏಷ್ಯಾದ ಬೆಟ್ಟಗಳ ಫೆಡ್ಚೆಂಕೋವಾನಾ. ಹಿಂದೆಂದೋ ಯಾವುದೋ ತೋಟದಲ್ಲಿ ಇವು ಕೂಡಿದವು. ಅಂದಿನಿಂದ ಮನುಷ್ಯ ಅದರ ಕಡ್ಡಿಯನ್ನು ನೆಟ್ಟು ನೆಟ್ಟೇ ಕೈಯಿಂದ ಕೈಗೆ ದಾಟಿಸುತ್ತ ಬಂದಿದ್ದಾನೆ. ಬಲ್ಗೇರಿಯಾದ ಕಜನ್ಲಾಕ್ ಕಣಿವೆ, ಟರ್ಕಿಯ ಇಸ್ಪಾರ್ಟಾ, ಇರಾನಿನ ಕಾಶಾನ್, ಈ ಹಸಾಯನ್, ಎಲ್ಲ ಕಡೆಯ ಹೊಲಗಳಲ್ಲೂ ಇರುವುದು ಇದೇ ಹೂವು. ಲಖನೌದ ಸುಗಂಧಸಸ್ಯ ಸಂಶೋಧನಾ ಸಂಸ್ಥೆ ಸೀಮ್ಯಾಪ್ ಬಿಡುಗಡೆ ಮಾಡಿದ ಇದರ ಒಂದು ತಳಿಗೆ ನೂರ್‌ಜಹಾನ್ ಎಂದೇ ಹೆಸರಿಟ್ಟಿದ್ದಾರೆ. ಮಗಳಿಗೆ ಸಂದ ಗೌರವ ಸರಿಯೇ, ಆದರೆ ತಾಯಿಯ ಹೆಸರಿನ ಒಂದು ಗುಲಾಬಿಯೂ ಇರಬೇಕಿತ್ತು.

ಕನೌಜ್ ಕಾನ್ಪುರದಿಂದ ಎಂಬತ್ತು ಕಿಲೋಮೀಟರ್ ಆಚೆಗಿರುವ, ಗಂಗೆಯ ಬಯಲಿನ ಹಳೆಯ ಊರು. ಕನ್ನಡಿಗರಿಗೆ ಈ ಹೆಸರು ಶಾಲೆಯ ಇತಿಹಾಸ ಪಾಠದಿಂದಲೇ ಗೊತ್ತು. ನಮ್ಮ ಇಮ್ಮಡಿ ಪುಲಕೇಶಿ ನರ್ಮದೆಯಲ್ಲಿ ತಡೆದು ನಿಲ್ಲಿಸಿದ ಹರ್ಷವರ್ಧನನ ರಾಜಧಾನಿ ಇದು. ಮುಂದೆ ಮಾನ್ಯಖೇಟದ ರಾಷ್ಟ್ರಕೂಟರು ಇದರ ಮೇಲೆ ಕಣ್ಣಿಟ್ಟು ಮತ್ತೆ ಮತ್ತೆ ದಂಡೆತ್ತಿ ಬಂದರು. ಮೂರನೆಯ ಇಂದ್ರ ಹತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ಹಿಡಿದೇಬಿಟ್ಟ. ಅಂಥ ವೈಭವದ ಗುರುತು ಈಗಿನ ಬೀದಿಗಳಲ್ಲಿ ಕಾಣುವುದಿಲ್ಲ. ಇಕ್ಕಟ್ಟಾದ ಗಲ್ಲಿ, ಆಲೂಗಡ್ಡೆ ಚೀಲ ತುಂಬಿದ ಟ್ರ್ಯಾಕ್ಟರು, ತೆರೆದ ಚರಂಡಿ. ಬಡಾ ಬಜಾರಿನ ಒಂದು ತಿರುವು ದಾಟಿದೊಡನೆ ಗಾಳಿ ಬದಲಾಗುತ್ತದೆ. ಲಾವಂಚ, ಹೆನ್ನಾ ಹೂವು, ಶ್ರೀಗಂಧ, ಒಲೆಯ ಹೊಗೆ, ಇವೆಲ್ಲದರ ಮೇಲೆ ಗುಲಾಬಿ.

ನಾನು ನೋಡಿದ ಕಾರಖಾನೆಯ ಹೆಬ್ಬಾಗಿಲು ಕುಳ್ಳಾಗಿತ್ತು, ತಲೆ ಬಗ್ಗಿಸಿ ಒಳಹೊಕ್ಕೆ. ಒಳಗೆ ಮೀಟರಿಲ್ಲ, ಥರ್ಮಾಮೀಟರಿಲ್ಲ, ಒಂದು ಗುಂಡಿಯೂ ಇಲ್ಲ. ಇಟ್ಟಿಗೆಯ ಭಟ್ಟಿಗಳ ಸಾಲು, ಅವುಗಳ ಮೇಲೆ ದೊಡ್ಡ ದೊಡ್ಡ ತಾಮ್ರದ ಹಂಡೆಗಳು. ಅವರ ಮಾತಿನಲ್ಲಿ ದೇಗ್. ಬೆಳಿಗ್ಗೆ ಗಂಗಾತೀರದ ಹೊಲಗಳಿಂದ ಬಂದ ಹೂವಿನ ಮೂಟೆಗಳನ್ನು ಬಿಚ್ಚಿ ದೇಗಿಗೆ ಸುರಿದರು, ನೀರು ಹಾಕಿದರು, ಮುಚ್ಚಳವಿಟ್ಟರು. ಆಮೇಲಿನ ಕೆಲಸವನ್ನೇ ನಾನು ಉಸಿರು ಬಿಗಿಹಿಡಿದು ನೋಡಿದ್ದು. ಒಬ್ಬ ಹಿರಿಯ ಜೇಡಿಮಣ್ಣಿಗೆ ಹತ್ತಿ ಸೇರಿಸಿ ನಾದಿ, ಉದ್ದನೆಯ ಬತ್ತಿ ಹೊಸೆದು, ಮುಚ್ಚಳದ ಅಂಚಿನ ಸುತ್ತ ಒತ್ತುತ್ತ ಬಂದ. ಹೆಬ್ಬೆರಳಿನ ಗುರುತು ಒಂದರ ಪಕ್ಕ ಒಂದು, ಒಂದೇ ಅಳತೆಗೆ. ಎಲ್ಲಾದರೂ ಕೂದಲೆಳೆಯಷ್ಟು ಸಂದಿ ಉಳಿದರೆ ಅಲ್ಲಿಂದ ಗುಲಾಬಿ ಹಾರಿಹೋಗುತ್ತದೆ. ಮುಚ್ಚಳದ ರಂಧ್ರಕ್ಕೆ ಚೋಂಗಾ ಎಂಬ ಬಿದಿರಿನ ಕೊಳವೆ, ಮೈತುಂಬ ಹುರಿ ಸುತ್ತಿದ್ದು. ಅದರ ಇನ್ನೊಂದು ತುದಿ ಉದ್ದ ಕತ್ತಿನ ತಾಮ್ರದ ಪಾತ್ರೆಗೆ, ಭಪ್ಕಾಕ್ಕೆ. ಭಪ್ಕಾ ನೀರಿನ ತೊಟ್ಟಿಯಲ್ಲಿ ಮುಳುಗಿರುತ್ತದೆ. ಅದರೊಳಗೆ ಮೊದಲೇ ಹಾಕಿಟ್ಟ ಶ್ರೀಗಂಧದ ಎಣ್ಣೆ ಇರುತ್ತದೆ.

ಕೆಳಗೆ ಸೌದೆ ಉರಿಯುತ್ತದೆ. ಹೂವಿನ ಹಬೆ ಬಿದಿರನ್ನು ಹಾದು ಬಂದು ತಣ್ಣಗಿನ ತಾಮ್ರಕ್ಕೆ ತಾಗಿ ನೀರಾಗುತ್ತದೆ. ಆ ನೀರಿನ ಜೊತೆ ಬಂದ ಗುಲಾಬಿಯನ್ನು ಗಂಧದೆಣ್ಣೆ ಹೀರಿಕೊಳ್ಳುತ್ತದೆ. ಉರಿ ಹೆಚ್ಚಾದರೆ ದಳ ಸೀದು ಕಮಟು ವಾಸನೆ ಬೆರೆಯುತ್ತದೆ, ಕಡಿಮೆಯಾದರೆ ಹಬೆ ಏಳುವುದಿಲ್ಲ. ಹಿರಿಯ ಆಗಾಗ ತೊಟ್ಟಿಗೆ ಕೈಹಾಕಿ ಭಪ್ಕಾವನ್ನು ಸವರುತ್ತಿದ್ದ, ಅದನ್ನು ಮೆಲ್ಲಗೆ ತಿರುಗಿಸುತ್ತಿದ್ದ, ದೇಗಿನ ಬಳಿ ಬಂದು ಕಿವಿಗೊಟ್ಟು ಒಳಗಿನ ಕುದಿ ಕೇಳುತ್ತಿದ್ದ. ಒಂದು ಭಪ್ಕಾ ತುಂಬಿತೆಂದು ಅವನ ಕೈಗೆ ತಿಳಿದಾಗ ಒದ್ದೆ ಬಟ್ಟೆಯಿಂದ ದೇಗನ್ನು ಒರೆಸಿ ಹಬೆಯನ್ನು ತಡೆದು ಪಾತ್ರೆ ಬದಲಿಸಿದ. ಎಣ್ಣೆ ಮೇಲೆ ನಿಂತ ಮೇಲೆ ಕೆಳಗಿನ ನೀರನ್ನು ಬಸಿದು ಮತ್ತೆ ದೇಗಿಗೇ ಹಾಕಿದರು. ಮರುದಿನ ಹೊಸ ಹೂವು, ಅದೇ ಗಂಧದೆಣ್ಣೆ. ಹೀಗೆ ದಿನಗಟ್ಟಲೆ ಹೂವಿನ ಮೇಲೆ ಹೂವು ಉಣಿಸಿದ ಮೇಲೆ ಅದು ಅತ್ತರ್. ಗಂಧದೆಣ್ಣೆ ಹಾಕದೆ ಇಳಿಸಿದ ಶುದ್ಧ ಗುಲಾಬಿ ಎಣ್ಣೆಗೆ ರೂಹ್ ಎನ್ನುತ್ತಾರೆ, ಅದರ ಕಿಲೋ ಬೆಲೆ ಲಕ್ಷಗಳಲ್ಲಿ.

ಆ ಗಂಧದೆಣ್ಣೆ ನಮ್ಮ ಕಡೆಯದು. ಕನೌಜಿನವರು ತಲೆಮಾರುಗಳಿಂದ ಮೈಸೂರಿನ ಗಂಧಕ್ಕೆ ಕೈಚಾಚಿದವರು. ನಾನು ಕರ್ನಾಟಕದವನೆಂದು ಗೊತ್ತಾದದ್ದೇ ಅಂಗಡಿಯ ಯಜಮಾನರು ಎದ್ದು ನಿಂತು ಮೈಸೂರ್ ಮೈಸೂರ್ ಎಂದು ಎರಡು ಸಲ ಹೇಳಿ ಚಹಾ ತರಿಸಿದರು. 1916ರಲ್ಲಿ ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ ಗಂಧದೆಣ್ಣೆ ತೆಗೆಯಲು ಆರಂಭಿಸಿದ್ದು ಎಂದು ನಾನು ಹೇಳಿದೆ. ನಮ್ಮ ಮರ ಇಲ್ಲದಿದ್ದರೆ ಅವರ ಗುಲಾಬಿ ನಿಲ್ಲುವುದಿಲ್ಲ. ಗುಲಾಬಿ ಬೇಗ ಹಾರುತ್ತದೆ, ಗಂಧ ಜಗ್ಗುವುದಿಲ್ಲ, ಹಾರುವುದನ್ನು ಅದು ತನ್ನೊಳಗೆ ಹಿಡಿದಿಟ್ಟು ಸ್ವಲ್ಪಸ್ವಲ್ಪವೇ ಬಿಟ್ಟುಕೊಡುತ್ತದೆ. ಗಂಧ ದುಬಾರಿಯಾದ ಮೇಲೆ ಅನೇಕರು ಲಿಕ್ವಿಡ್ ಪ್ಯಾರಾಫಿನ್ ಹಾಕತೊಡಗಿದ್ದಾರೆ. ಎರಡನ್ನೂ ಅಕ್ಕಪಕ್ಕ ಮೂಸಿದೆ. ಪ್ಯಾರಾಫಿನ್ನಿನದು ಮೊದಲ ಉಸಿರಿಗೆ ಚೆನ್ನ, ಅಷ್ಟೇ. ಗಂಧದ ಮೇಲಿನ ಗುಲಾಬಿ ಮರುದಿನ ಬೆಳಿಗ್ಗೆ ಮುಂಗೈಯಲ್ಲಿ ಇನ್ನೂ ಇತ್ತು, ಬೇರೆಯೇ ಆಗಿ, ಹೆಚ್ಚು ಬೆಚ್ಚಗಾಗಿ.

ಇಷ್ಟಾದರೂ ಕನೌಜಿನಲ್ಲಿ ನನ್ನ ಮನಸ್ಸು ಗೆದ್ದದ್ದು ಅತ್ತರ್ ಅಲ್ಲ, ರೂಹ್ ಕೂಡ ಅಲ್ಲ. ಗುಲಾಬಿ ನೀರು, ನಮ್ಮ ಪನ್ನೀರು.

ರೂಹ್‌ನ ಸೀಸೆ ತೆರೆದಾಗ ಘಮ ಬೆರಗು ಹುಟ್ಟಿಸುತ್ತದೆ, ಆದರೆ ಬೆಳಗಿನ ಹೊಲದಲ್ಲಿ ಮೂಗಿಗೆ ಬಂದ ಹೂವು ಅದಲ್ಲ. ಎಲ್ಲೋ ಏನೋ ಕಡಿಮೆ. ಪನ್ನೀರಿನ ಮುಚ್ಚಳ ತೆಗೆದಾಗ ಆ ಹೂವು ಬಂದು ಎದುರು ನಿಂತಿತು. ಇದು ಬರೀ ಭಾವುಕತೆಯಲ್ಲ, ರಸಾಯನಶಾಸ್ತ್ರವೂ ಹೀಗೆಯೇ ಹೇಳುತ್ತದೆ. ಗುಲಾಬಿ ಎಣ್ಣೆಯ ಬಹುಪಾಲು ಸಿಟ್ರೊನೆಲಾಲ್, ಜೆರಾನಿಯಾಲ್ ಮುಂತಾದವು. ಆದರೆ ತಾಜಾ ದಳದಲ್ಲಿ ಧಾರಾಳವಾಗಿರುವ, ಆ ಜೇನಿನ ಸವಿಯ ಫಿನೈಲ್ ಈಥೈಲ್ ಆಲ್ಕೊಹಾಲ್ ಎಂಬುದು ನೀರಿನಲ್ಲಿ ಕರಗುವಂಥದ್ದು. ಬಟ್ಟಿ ಇಳಿಸುವಾಗ ಅದು ಎಣ್ಣೆಯ ಜೊತೆ ಮೇಲೆ ನಿಲ್ಲದೆ ನೀರಿನಲ್ಲೇ ಉಳಿದುಬಿಡುತ್ತದೆ. ಅಸ್ಮತ್ ಬೇಗಂ ಕೆನೆ ಎತ್ತಿದಾಗ ತಟ್ಟೆಯಲ್ಲಿ ಉಳಿದದ್ದು ಹೂವಿನ ಅರ್ಧ ಜೀವ! ಇನ್ನು ಬೀಟಾ ಡಮಾಸೆನೋನ್ ಎಂಬುದೊಂದಿದೆ. ಬಲ್ಗೇರಿಯಾದ ಗುಲಾಬಿ ಎಣ್ಣೆಯಲ್ಲಿ ಅದನ್ನು ಗುರುತಿಸಿದ್ದು 1970ರಲ್ಲಿ. ಎಣ್ಣೆಯಲ್ಲಿ ಅದು ಶೇಕಡಾ ಒಂದಕ್ಕಿಂತಲೂ ಎಷ್ಟೋ ಕಡಿಮೆ, ಆದರೂ ಗುಲಾಬಿಗೆ ಗುಲಾಬಿತನ ಬರುವುದರಲ್ಲಿ ಅದರ ಪಾಲು ಬಹಳ ದೊಡ್ಡದು. ನಮ್ಮ ಮೂಗು ಅಷ್ಟು ಸಣ್ಣದನ್ನು ಹಿಡಿಯುತ್ತದೆಂಬುದೇ ನನಗೆ ಪರಮಾಶ್ಚರ್ಯ.

ಗುಲಾಬಿ ನೀರಿನದ್ದು ಎಂದ ಮೇಲೆ ಅದರ ನಿಜವಾದ ಜಾಗ ಸ್ನಾನದ ಮನೆ. ಮೊಘಲರಿಗೆ ಇದು ಗೊತ್ತಿತ್ತು. ಅವರ ಹಮಾಮುಗಳಲ್ಲಿ ಬಿಸಿನೀರು, ತಣ್ಣೀರು, ಹಬೆ, ಒಂದೊಂದಕ್ಕೂ ಬೇರೆ ಬೇರೆ ಕೋಣೆ. ದಿಲ್ಲಿಯ ಕೆಂಪುಕೋಟೆಯ ಹಮಾಮಿನಲ್ಲಿ ಒಂದು ಕಾರಂಜಿಯಿಂದ ಪನ್ನೀರು ಚಿಮ್ಮುತ್ತಿತ್ತೆಂಬ ಮಾತು ಇವತ್ತಿಗೂ ಚಾಲ್ತಿಯಲ್ಲಿದೆ. ಬಾದಶಹ ಆಪ್ತರೊಡನೆ ಗುಟ್ಟಿನ ಸಮಾಲೋಚನೆ ನಡೆಸುತ್ತಿದ್ದ ಸಭೆಯೂ ಗುಸ್ಲ್‌ಖಾನಾ, ಸ್ನಾನಗೃಹ ಎಂದೇ ಕರೆಸಿಕೊಳ್ಳುತ್ತಿತ್ತು.

ಆದರೆ ಸುಗಂಧಸ್ನಾನವನ್ನು ಶಾಸ್ತ್ರವಾಗಿ ಬರೆದಿಟ್ಟವರು ನಮ್ಮಲ್ಲೇ ಅವರಿಗಿಂತ ಐನೂರು ವರ್ಷ ಮುಂಚೆ ಇದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ರಾಜನ ಇಪ್ಪತ್ತು ಉಪಭೋಗಗಳ ಪೈಕಿ ಸ್ನಾನಭೋಗವೂ ಒಂದು. ಪರಿಮಳದ ಎಣ್ಣೆ ಹಚ್ಚಿಸಿಕೊಂಡು, ಸುವಾಸನೆಯ ಪುಡಿಯಲ್ಲಿ ಎಣ್ಣೆ ತೆಗೆಸಿಕೊಂಡು, ಹದವಾದ ಬಿಸಿನೀರು ಹಾಕಿಸಿಕೊಳ್ಳುವುದನ್ನು ಒಂದು ಭೋಗವೆಂದು, ಮನೆ, ವಸ್ತ್ರ, ಆಭರಣಗಳ ಸಾಲಿನಲ್ಲಿಟ್ಟು ಆ ದೊರೆ ಬರೆದ. ಅದಕ್ಕೂ ನೂರು ವರ್ಷ ಹಿಂದೆ, ಸುಮಾರು 1025ರಲ್ಲಿ, ಚಾವುಂಡರಾಯನೆಂಬ ಕವಿಯ (ಗೊಮ್ಮಟನನ್ನು ಕಡೆಸಿದವನಲ್ಲ, ಇನ್ನೊಬ್ಬ) ‘ಲೋಕೋಪಕಾರ’ ಕನ್ನಡದಲ್ಲೇ ಸುಗಂಧದ್ರವ್ಯ ತಯಾರಿಸುವ ಬಗೆ ಹೇಳಿತು. ಅವರ ಕಾಲದ ಪರಿಮಳ ಗಂಧ, ಕರ್ಪೂರ, ಕಸ್ತೂರಿ, ಅಗರು, ಕೇದಗೆ, ಸಂಪಿಗೆಗಳದ್ದು. ಗುಲಾಬಿ ಮೆರೆದದ್ದು ಆಮೇಲೆ, ಪಾರಸೀಕರ ಒಡನಾಟದಿಂದ. ಈಗ ಮದುವೆಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸುವಾಗ ಅದು ಹೊರಗಿನಿಂದ ಬಂದದ್ದೆಂದು ಯಾರಿಗೆ ನೆನಪಿದೆ?

ಯಜಮಾನರು ಒಂದು ಸೀಸೆ ಪನ್ನೀರು ಕೊಟ್ಟು ಇದನ್ನು ಇವತ್ತೇ ಮೈಮೇಲೆ ಹಾಕಿಕೊಳ್ಳಿ ಎಂದರು. ತಂಗಿದ್ದ ಮನೆಯ ಹಿತ್ತಿಲಿನ ಬಚ್ಚಲು ಸಣ್ಣದು. ಒಂದು ಬಕೆಟ್ಟು, ಒಂದು ತಂಬಿಗೆ, ಒಂದು ಮಣೆ. ಅವರೇ ಹೇಳಿಕೊಟ್ಟ ಕ್ರಮವಿದು. ಕುದಿಯುವ ನೀರಿಗೆ ಪನ್ನೀರು ಹಾಕಬಾರದು, ಮೈಗೆ ಸುರಿದುಕೊಳ್ಳುವ ಮುಂಚೆಯೇ ಘಮವೆಲ್ಲ ಛಾವಣಿಗೆ ಹೋಗುತ್ತದೆ. ತಣ್ಣೀರಿಗೂ ಬೇಡ, ಅದರಲ್ಲಿ ಘಮ ಏಳುವುದೇ ಇಲ್ಲ. ಮೊದಲು ಸೀಗೆಯೋ ಕಡಲೆಹಿಟ್ಟೋ ಹಚ್ಚಿ ಸ್ನಾನ ಪೂರ್ತಿ ಮುಗಿಸಬೇಕು. ಕೊನೆಯ ತಂಬಿಗೆಗಳಿಗೆ, ಮೈಬಿಸಿಯಷ್ಟೇ ಬಿಸಿಯಿರುವ ನೀರಿಗೆ, ಪನ್ನೀರು ಬೆರೆಸಿ ಹೆಗಲಿನಿಂದ ನಿಧಾನಕ್ಕೆ ಇಳಿಬಿಡಬೇಕು. ಆಮೇಲೆ ಟವೆಲ್ಲಿನಿಂದ ಉಜ್ಜಬಾರದು.

ಮೊದಲ ತಂಬಿಗೆಗೆ ಏನೂ ಆಗಲಿಲ್ಲ. ಎರಡನೆಯದು ಬೆನ್ನಿನ ಮೇಲೆ ಇಳಿಯುತ್ತಿದ್ದಾಗ, ನನ್ನದೇ ಮೈಯ ಕಾವಿಗೆ, ಹಿಂದಿನಿಂದ ಗುಲಾಬಿ ಎದ್ದು ಬಂದು ಕುತ್ತಿಗೆಯನ್ನು ಬಳಸಿ ಮುಖಕ್ಕೆ ತಲುಪಿತು. ಹಸಾಯನ್‌ನ ಕತ್ತಲಲ್ಲಿ ಬಂದದ್ದು ಅದೇ, ಆ ಜೇನು, ಆ ತಂಪು, ಎಣ್ಣೆಯಲ್ಲಿ ಸಿಗದೆ ಹೋದದ್ದೂ ಸೇರಿ. ಮುಚ್ಚಿದ ಬಾಗಿಲು, ತೇವದ ಗೋಡೆ, ಏಳುವ ಹಬೆ, ನಡುವೆ ನಾನು. ಬಚ್ಚಲೇ ಒಂದು ದೇಗ್ ಆಗಿತ್ತು, ಹಬೆಯನ್ನು ಹಿಡಿದಿಡುವ ಭಪ್ಕಾ ನನ್ನ ಚರ್ಮ. ಬಿಸಿನೀರಿನ ಸುಖ ಬಲ್ಲದ್ದೇ, ಪರಿಮಳದ ಸುಖವೂ ಹೊಸದಲ್ಲ. ಎರಡೂ ಕೂಡಿದಾಗ ಯಾವುದು ಮೈಗೆ ಬಂದದ್ದು, ಯಾವುದು ಮೂಗಿಗೆ ಬಂದದ್ದು ಎಂದು ಬೇರ್ಪಡಿಸಲಾಗಲಿಲ್ಲ. ಸೋಮೇಶ್ವರ ಇದನ್ನು ಭೋಗ ಎಂದದ್ದು ಅತಿಶಯೋಕ್ತಿಯೇನಲ್ಲ.

ಅತ್ತರನ್ನೂ ಸ್ನಾನಕ್ಕೆ ಬಳಸಬಹುದು, ನೇರ ಬಕೆಟ್ಟಿಗೆ ಹಾಕಿದರೆ ಮಾತ್ರ ದಂಡ. ಎಣ್ಣೆಯಾದ್ದರಿಂದ ಮೇಲೆ ತೇಲಿ ಎಲ್ಲೋ ಒಂದು ಕಡೆ ಅಂಟಿಕೊಳ್ಳುತ್ತದೆ. ಅಭ್ಯಂಜನದ ಎಳ್ಳೆಣ್ಣೆಗೆ ಒಂದೆರಡು ಹನಿ ಬೆರೆಸಿ ಹಚ್ಚಿಕೊಂಡು, ಅರ್ಧ ಗಂಟೆ ಬಿಟ್ಟು ಬಿಸಿನೀರು ಹಾಕಿಕೊಂಡರೆ ಗುಲಾಬಿ ಆಗ, ಗಂಧ ಸಂಜೆಗೆ. ನಮ್ಮ ದೀಪಾವಳಿಯ ಎಣ್ಣೆಸ್ನಾನಕ್ಕೆ ಇದು ಹೇಳಿಮಾಡಿಸಿದ್ದು. ಅಂಗಡಿಯಲ್ಲಿ ಗುಲಾಬಿ ನೀರೆಂದು ಸಿಗುವುದರಲ್ಲಿ ಹೂವನ್ನೇ ಕಾಣದ ಸರಕೂ ಇರುತ್ತದೆ, ಕೊಳ್ಳುವ ಮುಂಚೆ ಒಂದು ಹನಿ ಮುಂಗೈಗೆ ಬಿಟ್ಟು ಕಾಯಬೇಕು. ಭಟ್ಟಿಯಿಂದ ಇಳಿದದ್ದು ಆರಿದ ಮೇಲೂ ಮೆತ್ತಗಿರುತ್ತದೆ, ಬರೀ ಸೆಂಟು ಬೆರೆಸಿದ್ದು ಮೂಗಿಗೆ ಚುಚ್ಚುತ್ತದೆ.

ಹೊರಡುವ ದಿನ ಕಾರಖಾನೆಗೆ ಮತ್ತೆ ಹೋದಾಗ ಹಿರಿಯ ಹಿಂದಿನ ದಿನದ ಮಣ್ಣಿನ ಬತ್ತಿಯನ್ನು ಒಡೆದು ತೆಗೆದು, ನೀರು ಹಾಕಿ ಮತ್ತೆ ನಾದುತ್ತಿದ್ದ. ಸಾರ ಬಿಟ್ಟ ಕಂದು ದಳಗಳನ್ನು ಇನ್ನೊಬ್ಬ ಬುಟ್ಟಿಯಲ್ಲಿ ಹೊರಗೆ ಒಯ್ದ. ಗುಲಾಬಿಯ ಸುಗ್ಗಿ ಇನ್ನು ಹೆಚ್ಚು ದಿನ ಇಲ್ಲ, ಆಮೇಲೆ ಬೇಲಾ, ನಮ್ಮ ಮಲ್ಲಿಗೆ, ಇದೇ ದೇಗ್‌ಗಳಿಗೆ ಬರುತ್ತದೆ ಎಂದ. ಬಿಸಿಲು ಜೋರಾದಾಗ ಮಣ್ಣಿನ ಅತ್ತರ್ ಇಳಿಸುತ್ತಾರೆ: ಸುಟ್ಟ ಜೇಡಿಮಣ್ಣನ್ನು ದೇಗಿಗೆ ತುಂಬಿ, ಮೊದಲ ಮಳೆಯ ವಾಸನೆಯನ್ನು ಗಂಧದೆಣ್ಣೆಗೆ ಹಿಡಿಯುವುದು. ಅದನ್ನು ನೋಡಬೇಕಾದರೆ ಮಳೆ ಬೀಳುವ ಮುಂಚೆ, ಜ್ಯೇಷ್ಠದಲ್ಲಿ ಬನ್ನಿ ಎಂದು ಹೇಳಿ, ನಾದಿದ ಮಣ್ಣನ್ನು ಹೊಸೆಯುತ್ತ ಅಂದಿನ ಮೊದಲ ದೇಗಿನ ಕಡೆ ತಿರುಗಿದ.